ಬೇಲಿ ಪಕ್ಕದ ಹತ್ತು ಸೆಕೆಂಡು: ಆಟೋಗ್ರಾಫ್‌ಗೆ ಶಾರ್ಪಿ ಮಾರ್ಕರ್ ಹೇಗಿದೆ?

ನನ್ನ ಬ್ಯಾಗಿನ ಮುಂದಿನ ಜಿಪ್‌ನಲ್ಲಿ ಯಾವಾಗಲೂ ಎರಡು ಶಾರ್ಪಿ ಇರುತ್ತವೆ. ಒಂದು ಕಪ್ಪು, ಒಂದು ನೀಲಿ. ಎರಡೂ ಫೈನ್ ಪಾಯಿಂಟ್, ಅಂದರೆ ಸಣ್ಣ ತುದಿಯವು. ಮಗಳಿಗೆ 7 ವರ್ಷ ಇದ್ದಾಗ ಶುರುವಾದ ಅಭ್ಯಾಸ ಇದು. ಈಗ ಅವಳಿಗೆ 16. ಈ ಒಂಬತ್ತು ವರ್ಷದಲ್ಲಿ ಹಾಕಿ, ಬ್ಯಾಡ್ಮಿಂಟನ್, ಕ್ರಿಕೆಟ್, ಫುಟ್‌ಬಾಲ್, ಅಥ್ಲೆಟಿಕ್ಸ್ ಅಂತ ಎಲ್ಲ ಥರದ ಆಟಗಾರರ ಮುಂದೆ ನಾವಿಬ್ಬರೂ ಪುಸ್ತಕ ಹಿಡಿದು ನಿಂತಿದ್ದೇವೆ. ಪೆನ್ನಿನ ರಿವ್ಯೂ ಮಾಡುವವರು ಸಾಮಾನ್ಯವಾಗಿ ಮೇಜಿನ ಮೇಲೆ ಹಾಳೆ ಇಟ್ಟು ಗೀಚಿ ನೋಡುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ. ಮೂರು ಗಂಟೆ ಆಡಿ ಬೆವರಿಳಿಯುತ್ತಿರುವ, ಬಸ್ಸು ಹತ್ತಲು ಹೊರಟ ಆಟಗಾರನ ಕೈಯಲ್ಲಿ ಈ ಪೆನ್ ಹೇಗೆ ನಡೆಯುತ್ತದೆ ಅನ್ನುವುದು.

ಮೊದಮೊದಲು ಹೋಗುತ್ತಿದ್ದಾಗ ನಮ್ಮ ಹತ್ತಿರ ಇದ್ದದ್ದು ಒಂದು ಜೆಲ್ ಪೆನ್. ಯಾವ ಕಂಪನಿ ಅಂತ ಬೇಡ. ನೋಟ್‌ಬುಕ್ಕಿನಲ್ಲಿ ಬರೆಯೋಕೆ ಅದು ಒಳ್ಳೆಯ ಪೆನ್ನೇ. ಒಂದು ದಿನ ಹಾಕಿ ಪ್ರಾಕ್ಟೀಸ್ ಮುಗಿದಿತ್ತು. ಗೋಲ್‌ಕೀಪರ್ ಒಬ್ಬರು ಮಗಳನ್ನು ನೋಡಿ ತಾವಾಗಿಯೇ ನಿಂತರು. ಕಾಲಿಗೆ ಇನ್ನೂ ದಪ್ಪ ಪ್ಯಾಡ್ ಇತ್ತು. ಹೆಲ್ಮೆಟ್ ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಲ್ಲಿನಿಂದ ಗ್ಲೌಸ್ ಎಳೆದು ಬಿಚ್ಚಿ, ಪೆನ್ ತೆಗೆದುಕೊಂಡರು. ನಾವು ಮುಂದೆ ಹಿಡಿದದ್ದು ಅವರ ತಂಡದ ಒಂದು ಹೊಳೆಯುವ ಫೋಟೊ. ಜೆಲ್ ಇಂಕು ಆ ನುಣುಪಿನ ಮೇಲೆ ಹಿಡಿಯಲೇ ಇಲ್ಲ. ಎರಡು ಸಲ ಗೀಚಿದರು. ಬರೀ ಗೆರೆ ಬಿತ್ತು. ಮೂರನೇ ಸಲ ಇಂಕು ಬಂತು, ಆದರೆ ಅವರು ಎಡಗೈಯಲ್ಲಿ ಬರೆಯುವವರು. ಬರೆಯುತ್ತಾ ಹೋದ ಹಾಗೆ ಅಂಗೈ ಹಸಿ ಇಂಕಿನ ಮೇಲೆ ಸರಿದು ಹೆಸರೆಲ್ಲ ಕಲಸಿಹೋಯಿತು. 'ಅಯ್ಯೋ ಪುಟ್ಟಾ, ಹಾಳಾಯ್ತಲ್ಲ' ಅಂತ ಅವರೇ ಬೇಜಾರು ಮಾಡಿಕೊಂಡು ಇನ್ನೊಮ್ಮೆ ಹಾಕಲು ನೋಡಿದರು. ಅಷ್ಟರಲ್ಲಿ ಬಸ್ಸಿನ ಕಡೆಯಿಂದ ಕರೆ ಬಂತು. ಅವರು ಹೊರಟರು.

ನಮ್ಮ ಹಿಂದೆ ಇನ್ನೂ ಆರೇಳು ಮಕ್ಕಳಿದ್ದರು. ಯಾರಿಗೂ ಸಿಗಲಿಲ್ಲ. ಒಬ್ಬ ಹುಡುಗ ಸ್ಟಿಕ್ ಹಿಡಿದುಕೊಂಡು ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದ. ಆ ಹುಡುಗನ ಸರದಿಯನ್ನು ತಿಂದದ್ದು ನಮ್ಮ ಪೆನ್ನು.

ಅವತ್ತಿನಿಂದ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಆಟೋಗ್ರಾಫ್ ಕೇಳುವ ಮರ್ಯಾದೆ 'ಪ್ಲೀಸ್ ಸರ್' ಅನ್ನುವಲ್ಲಿ ಶುರುವಾಗುವುದಿಲ್ಲ. ಮನೆಯಲ್ಲಿ ಪೆನ್ ಆರಿಸುವಾಗಲೇ ಶುರುವಾಗುತ್ತದೆ. ಅವರು ನಮಗೆ ಕೊಡುವುದು ಹತ್ತು ಸೆಕೆಂಡು. ಅದರಲ್ಲಿ ಎಂಟು ಸೆಕೆಂಡು ಪೆನ್ ಜೊತೆ ಗುದ್ದಾಡುವುದಕ್ಕೇ ಹೋದರೆ, ಮಗುವಿನ ಮುಖ ನೋಡಿ ಒಂದು ಮಾತಾಡಲು ಅವರಿಗೆ ಏನೂ ಉಳಿಯುವುದಿಲ್ಲ. ಹಾಗಾಗಿ ಪೆನ್ನನ್ನು ನಾನು ಅಳೆಯುವುದು ಒಂದೇ ಅಳತೆಯಲ್ಲಿ. ಆಟಗಾರರ ಸಮಯ ಎಷ್ಟು ಉಳಿಸುತ್ತದೆ?

ಈ ಅಳತೆಯಲ್ಲಿ ಶಾರ್ಪಿ ಫೈನ್ ಪಾಯಿಂಟ್ ತುಂಬಾ ಚೆನ್ನಾಗಿದೆ. 1964ರಿಂದ ಮಾರಾಟದಲ್ಲಿರುವ ಮಾರ್ಕರ್ ಇದು. ಪೆನ್ನಿನ ಹಾಗೆ ಹಿಡಿದು ಬರೆಯಬಹುದಾದ ಪರ್ಮನೆಂಟ್ ಮಾರ್ಕರ್ ಅಂತಲೇ ಹೆಸರು ಮಾಡಿದ್ದು. ಇನ್ನೂ ಸಣ್ಣ ತುದಿಯ ಅಲ್ಟ್ರಾ ಫೈನ್ 1979ರಲ್ಲಿ ಬಂತು. ಒತ್ತಿ ಬರೆಯಬೇಕಾಗಿಲ್ಲ. ತುದಿ ತಾಗಿದರೆ ಸಾಕು, ಗೆರೆ ಬರುತ್ತದೆ. ನಿಂತುಕೊಂಡು, ಗಾಳಿಯಲ್ಲಿ ಹಿಡಿದ ಪುಸ್ತಕದ ಮೇಲೆ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಬಾಲ್‌ಪೆನ್ ಆದರೆ ಒತ್ತಬೇಕು, ಒತ್ತಿದರೆ ಪುಸ್ತಕ ಹಿಂದಕ್ಕೆ ಹೋಗುತ್ತದೆ, ಅವರು ಇನ್ನೊಂದು ಕೈ ಕೊಡಬೇಕಾಗುತ್ತದೆ. ಆ ಇನ್ನೊಂದು ಕೈಯಲ್ಲಿ ಸಾಮಾನ್ಯವಾಗಿ ಕಿಟ್ ಬ್ಯಾಗ್ ಇರುತ್ತದೆ.

ಈ ಪೆನ್ನಿಗೆ ಆಟದ ಮೈದಾನದಲ್ಲೇ ಒಂದು ಕಥೆ ಇದೆ. 2002ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಟೆರೆಲ್ ಓವೆನ್ಸ್ ಟಚ್‌ಡೌನ್ (ಆ ಆಟದಲ್ಲಿ ಗೋಲು ಇದ್ದ ಹಾಗೆ) ಮಾಡಿದ ಕೂಡಲೇ ತಮ್ಮ ಕಾಲುಚೀಲದಿಂದ ಶಾರ್ಪಿ ತೆಗೆದು, ಚೆಂಡಿನ ಮೇಲೆ ಸಹಿ ಮಾಡಿ, ಪ್ರೇಕ್ಷಕರ ಕಡೆ ಇದ್ದ ತಮ್ಮವರೊಬ್ಬರಿಗೆ ಕೊಟ್ಟುಬಿಟ್ಟರು. ಆಗ ಅದರ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಅದು ಸರಿಯೋ ತಪ್ಪೋ ಬೇರೆ ಮಾತು. ನನಗೆ ಬೇಕಾದ್ದು ಪೆನ್ನಿನ ವಿಷಯ. ಓಡಿ, ಗುದ್ದಾಡಿ, ಬಿದ್ದು ಎದ್ದು ಬಂದ ಕೈ. ಮುಚ್ಚಳ ತೆಗೆದ ತಕ್ಷಣ ಬರೆಯುವ ಪೆನ್ ಇಲ್ಲದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ.

ಮುಚ್ಚಳದ ವಿಷಯ ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಶಾರ್ಪಿಯ ಮುಚ್ಚಳ ಗಟ್ಟಿಯಾಗಿ ಕೂರುತ್ತದೆ. ಒದ್ದೆ ಕೈಯಲ್ಲಿ, ಟೇಪ್ ಸುತ್ತಿದ ಬೆರಳಲ್ಲಿ ತೆಗೆಯುವುದು ಕಷ್ಟ. ಆದ್ದರಿಂದ ಆಟಗಾರರ ಕೈಗೆ ಮುಚ್ಚಳ ಹಾಕಿದ ಪೆನ್ ಕೊಡಲೇಬಾರದು. ನಿಮ್ಮ ಸರದಿಗೆ ಇನ್ನಿಬ್ಬರು ಬಾಕಿ ಇರುವಾಗಲೇ ಮುಚ್ಚಳ ತೆಗೆಯಿರಿ. ಪೆನ್ನಿನ ಹಿಂದಕ್ಕೆ ಸಿಕ್ಕಿಸಿ, ತುದಿ ನಿಮ್ಮ ಕಡೆ ಇರುವ ಹಾಗೆ ಹಿಡಿದು ಕೊಡಿ. ಕತ್ತರಿ ಕೊಡುತ್ತೇವಲ್ಲ, ಹಾಗೆ. ಇದರಲ್ಲಿ ಆಲ್ಕೋಹಾಲ್ ಬೆರೆತ ಇಂಕು ಇರುತ್ತದೆ. ಬಟ್ಟೆಗೆ ತಾಗಿದರೆ ಒಗೆದರೂ ಪೂರ್ತಿ ಹೋಗುವುದಿಲ್ಲ. ನೂಕುನುಗ್ಗಲಿನಲ್ಲಿ ತೆರೆದ ಮಾರ್ಕರ್ ಹಿಡಿದು ಕೈ ಬೀಸುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಒಮ್ಮೆ ನನ್ನ ಕಣ್ಣೆದುರೇ ಒಬ್ಬ ಬ್ಯಾಡ್ಮಿಂಟನ್ ಆಟಗಾರ್ತಿಯ ಬಿಳಿ ಜಾಕೆಟ್ಟಿನ ತೋಳಿಗೆ ಬೆರಳುದ್ದದ ಕಪ್ಪು ಗೆರೆ ಬಿತ್ತು. ಹಿಂದಿನಿಂದ ಯಾರೋ ಚಾಚಿದ ಮಾರ್ಕರ್. ಅವರು ಒಂದು ಮಾತೂ ಆಡಲಿಲ್ಲ. ತೋಳು ನೋಡಿಕೊಂಡರು, ಕೈಯಲ್ಲಿದ್ದ ಪುಸ್ತಕಕ್ಕೆ ಸಹಿ ಮುಗಿಸಿದರು, ಒಳಗೆ ಹೋದರು. ಆ ಟೂರ್ನಿ ಮುಗಿಯುವವರೆಗೂ ಮತ್ತೆ ಬೇಲಿ ಹತ್ತಿರ ಬರಲಿಲ್ಲ.

ಇನ್ನು ಯಾವ ಕೈಗೆ ಕೊಡುವುದು? ನನಗೆ ಇದು ಬಹಳ ಇಷ್ಟವಾದ ವಿಷಯ. ಸಚಿನ್ ತೆಂಡೂಲ್ಕರ್ ಬ್ಯಾಟ್ ಮಾಡಿದ್ದು ಬಲಗೈಯಲ್ಲಿ, ಬರೆಯುವುದು ಎಡಗೈಯಲ್ಲಿ. ರಫೆಲ್ ನಡಾಲ್ ಟೆನಿಸ್ ಆಡಿದ್ದು ಎಡಗೈಯಲ್ಲಿ, ಬರೆಯುವುದು ಬಲಗೈಯಲ್ಲಿ. ಟಿವಿಯಲ್ಲಿ ನೋಡಿ ಆಟಗಾರರ ಬರೆಯುವ ಕೈ ಗೊತ್ತು ಅಂದುಕೊಂಡರೆ ತಪ್ಪಾಗುತ್ತದೆ. ಹಾಗಾಗಿ ಪೆನ್ ಅವರ ಎದೆಯ ನೇರಕ್ಕೆ, ಮಧ್ಯದಲ್ಲಿ ಹಿಡಿಯಿರಿ. ಯಾವ ಕೈ ಬರುತ್ತದೋ ನೋಡಿ. ಎಡಗೈ ಬಂದರೆ ಪುಸ್ತಕವನ್ನು ಸ್ವಲ್ಪ ಓರೆ ಮಾಡಿ, ಅಂಗೈ ಬರೆದದ್ದರ ಮೇಲೆ ಸರಿಯದ ಹಾಗೆ. ಅಷ್ಟು ಮಾಡಿದರೂ ಜೆಲ್ ಪೆನ್ ಕಲಸುತ್ತದೆ. ಶಾರ್ಪಿ ಸಾಧಾರಣ ಹಾಳೆಯ ಮೇಲೆ ಬರೆದ ತಕ್ಷಣ ಒಣಗುತ್ತದೆ. ಹೊಳೆಯುವ ಫೋಟೊ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಅದನ್ನು ಕೂಡಲೇ ಕವರಿನೊಳಗೆ ತುರುಕಬೇಡಿ, ಬಸ್ಸು ಹೋಗುವವರೆಗೆ ಕೈಯಲ್ಲೇ ಹಿಡಿದುಕೊಂಡಿರಿ.

ಬಣ್ಣದ ಮಾತಿಗೆ ಬಂದರೆ, ನನ್ನ ಓಟು ನೀಲಿಗೆ. ಕಪ್ಪು ಸಹಿ ಎಷ್ಟೋ ಸಲ ಅಚ್ಚು ಹಾಕಿದ ಹಾಗೆ ಕಾಣುತ್ತದೆ. ನೀಲಿಯಲ್ಲಿ ಕೈಬರಹ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಬಿಳಿ ಕ್ರಿಕೆಟ್ ಚೆಂಡು, ತೆಳು ಬಣ್ಣದ ಜರ್ಸಿ, ಫೋಟೊದ ಆಕಾಶದ ಭಾಗ, ಇವೆಲ್ಲದಕ್ಕೂ ನೀಲಿ ಚೆನ್ನ. ಜರ್ಸಿಗೆ ಸಹಿ ಬೇಕಾದರೆ ಒಳಗೆ ಗಟ್ಟಿ ರಟ್ಟು ಇಟ್ಟು, ಬಟ್ಟೆಯನ್ನು ಎರಡೂ ಕಡೆ ಕ್ಲಿಪ್ಪಿನಿಂದ ಬಿಗಿಮಾಡಿಕೊಂಡು ಹೋಗಿ. ಸಡಿಲ ಬಟ್ಟೆಯ ಮೇಲೆ ಯಾವ ಪೆನ್ನೂ ಓಡುವುದಿಲ್ಲ. ಕ್ರಿಕೆಟ್ ಬ್ಯಾಟ್ ಆದರೆ ಎಚ್ಚರ. ಹೊಸ ಮರ ಇಂಕು ಹೀರುತ್ತದೆ, ಗೆರೆಯ ಅಂಚು ಮರದ ನಾರಿನ ಜೊತೆ ಹರಡುತ್ತದೆ. ಅಲ್ಲಿ ನಿಧಾನ ಬರೆದಷ್ಟೂ ಕಲೆ ದೊಡ್ಡದು.

ಶಾರ್ಪಿ ಸೋಲುವ ಜಾಗಗಳೂ ಇವೆ. ಕಡು ನೀಲಿ, ಕಪ್ಪು, ಮರೂನ್ ಜರ್ಸಿ ಮೇಲೆ ಮಾಮೂಲಿ ಶಾರ್ಪಿ ಕಾಣುವುದೇ ಇಲ್ಲ. ಅದಕ್ಕೆ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್ ಬೇಕು. ನಾನು ಕೊಂಡ ಒಂದು ಪೇಂಟ್ ಮಾರ್ಕರ್‌ನ ತುದಿಯಿಂದ ಬಣ್ಣ ತೊಟ್ಟಿಕ್ಕಿ ಅರ್ಧ ಜರ್ಸಿ ಹಾಳಾಯಿತು. ಪುಣ್ಯಕ್ಕೆ ಅದು ಮನೆಯಲ್ಲೇ ಪರೀಕ್ಷೆ ಮಾಡುವಾಗ. ಆ ಥರದ ಮಾರ್ಕರನ್ನು ಮೊದಲೇ ಅಲ್ಲಾಡಿಸಿ, ಬೇರೆ ರಟ್ಟಿನ ಮೇಲೆ ಒತ್ತಿ ಬಣ್ಣ ಇಳಿಸಿಕೊಂಡೇ ಹೋಗಬೇಕು. ಆಟಗಾರರ ಮುಂದೆ ನಿಂತು ಅಲ್ಲಾಡಿಸುವುದು ಬೇಡ. ಬೇಸ್‌ಬಾಲ್ ಸಂಗ್ರಹ ಮಾಡುವವರಂತೂ ಚೆಂಡಿನ ಮೇಲೆ ಶಾರ್ಪಿ ಬೇಡವೇ ಬೇಡ ಅನ್ನುತ್ತಾರೆ, ಮತ್ತು ಅವರ ಮಾತು ಸರಿ. ಚರ್ಮದೊಳಗೆ ಇಂಕು ವರ್ಷಗಳ ಮೇಲೆ ಹರಡಿ ಅಕ್ಷರ ಮಸುಕಾಗುತ್ತದೆ. ಅಲ್ಲಿ ನೀಲಿ ಬಾಲ್‌ಪೆನ್ನೇ ಸರಿ. ತೆಳು ಹಾಳೆಯ ಪುಸ್ತಕದಲ್ಲಿ ಶಾರ್ಪಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ನಮ್ಮ ಪುಸ್ತಕದಲ್ಲಿ ಒಬ್ಬ ಓಟಗಾರರ ಸಹಿ ಹಿಂದಿನ ಪುಟದ ಸಹಿಯನ್ನು ಪೂರ್ತಿ ನುಂಗಿದೆ. ಈಗ ಪ್ರತಿ ಪುಟದ ಕೆಳಗೂ ಒಂದು ರಟ್ಟು ಇಡುತ್ತೇವೆ, ಒಂದು ಹಾಳೆಗೆ ಒಂದೇ ಸಹಿ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಬಣ್ಣ ಮಾಸುತ್ತದೆ. ಇದು ಹೆಚ್ಚಿನ ಮಾರ್ಕರ್‌ಗಳ ಪಾಡು, ಶಾರ್ಪಿ ಒಂದರದ್ದೇ ಅಲ್ಲ.

ಅಲ್ಟ್ರಾ ಫೈನ್ ಬಗ್ಗೆ ಎರಡು ಮಾತು. ಸಣ್ಣ ಕಾರ್ಡುಗಳಿಗೆ ಅದು ಸರಿ. ಆದರೆ ಆಟಗಾರರ ಕೈ ಭಾರ. ಎರಡು ಪೆನ್ನಿನ ತುದಿ ಒಳಗೆ ಹೋಗಿಬಿಟ್ಟಿದೆ. ಬೇಲಿ ಹತ್ತಿರಕ್ಕೆ ಫೈನ್ ಪಾಯಿಂಟೇ ಇರಲಿ.

ಪೆನ್ ಎಷ್ಟೇ ಚೆನ್ನಾಗಿದ್ದರೂ ಹೊತ್ತು ತಪ್ಪಿದರೆ ಕೆಲಸಕ್ಕೆ ಬರುವುದಿಲ್ಲ. ಆಟಕ್ಕೆ ಮುಂಚೆ ವಾರ್ಮ್ ಅಪ್ ಮಾಡುವಾಗ ಕೇಳಬೇಡಿ. ಅವರು ನಿಮ್ಮನ್ನು ನೋಡುತ್ತಿರಬಹುದು, ಆದರೆ ಮನಸ್ಸು ಅಲ್ಲಿರುವುದಿಲ್ಲ. ಪ್ರಾಕ್ಟೀಸ್ ಮುಗಿದ ಮೇಲಿನ ಹತ್ತು ನಿಮಿಷ ಎಲ್ಲಕ್ಕಿಂತ ಒಳ್ಳೆಯದು. ಊಟ ಮಾಡುತ್ತಿದ್ದರೆ, ಮಕ್ಕಳನ್ನು ಎತ್ತಿಕೊಂಡಿದ್ದರೆ, ಫೋನಿನಲ್ಲಿದ್ದರೆ, ಕುಂಟುತ್ತಾ ಬರುತ್ತಿದ್ದರೆ ಸುಮ್ನೆ ದಾರಿ ಬಿಡಿ. ಗಾಲ್ಫ್‌ನ ಮಾಸ್ಟರ್ಸ್ ಟೂರ್ನಿಯಲ್ಲಿ ಕೋರ್ಸ್ ಮೇಲೆ ಆಟೋಗ್ರಾಫ್ ಕೇಳುವುದಕ್ಕೇ ನಿಷೇಧ ಇದೆ. ನನಗೆ ಆ ನಿಯಮ ಸರಿ ಅನ್ನಿಸುತ್ತದೆ. ಕೆಲಸ ಮಾಡುತ್ತಿರುವವರನ್ನು ನಡುವೆ ನಿಲ್ಲಿಸುವುದು ಯಾವ ಪ್ರೀತಿ?

ಸರಿಯಾದ ಹೊತ್ತಿಗೆ ಕೇಳುವುದು ಅಂದರೆ ನನಗೆ ನೆನಪಾಗುವುದು 2023ರ ಮೇ ತಿಂಗಳು, ಚೆನ್ನೈನ ಚೆಪಾಕ್ ಮೈದಾನ. ಆ ಐಪಿಎಲ್‌ನಲ್ಲಿ ಚೆನ್ನೈ ತಂಡಕ್ಕೆ ಅಲ್ಲಿನ ಕೊನೆಯ ಲೀಗ್ ಪಂದ್ಯ ಮುಗಿದಿತ್ತು. ಧೋನಿ ಮೈದಾನದ ಸುತ್ತ ನಡೆದು ಪ್ರೇಕ್ಷಕರಿಗೆ ಕೈ ಬೀಸುತ್ತಿದ್ದರು. ಸುನಿಲ್ ಗವಾಸ್ಕರ್ ಓಡಿಬಂದು ತಾವು ಹಾಕಿಕೊಂಡಿದ್ದ ಶರ್ಟಿನ ಮೇಲೇ ಸಹಿ ಹಾಕಿಸಿಕೊಂಡರು. ಟೆಸ್ಟ್‌ನಲ್ಲಿ ಮೊದಲು 10,000 ರನ್ ಮುಟ್ಟಿದ ಮನುಷ್ಯ, ಆಗ ವಯಸ್ಸು 73. ಆ ದೃಶ್ಯವನ್ನು ನಾನು ಮಗಳಿಗೆ ಎರಡು ಸಲ ತೋರಿಸಿದ್ದೇನೆ. ಆಟ ಮುಗಿಯುವವರೆಗೆ ಕಾದರು. ಎದುರಿಗೆ ಬಂದು ಕೇಳಿದರು. ಒಂದೇ ಒಂದು ಸಹಿ. ಆಮೇಲೆ ಅಪ್ಪಿಕೊಂಡರು.

ಒಂದೇ ಸಹಿ ಅನ್ನುವುದು ನಮ್ಮ ಮನೆಯ ನಿಯಮ ಕೂಡ. ಫೋಟೊ, ಚೆಂಡು, ಬ್ಯಾಟು, ತಮ್ಮನಿಗೊಂದು, ಮಾವನಿಗೊಂದು ಅಂತ ಕೈತುಂಬಾ ಹಿಡಿದುಕೊಂಡು ನಿಲ್ಲುವವರನ್ನು ನೋಡಿದ ಕೂಡಲೇ ಆಟಗಾರರ ಮುಖ ಬಿಗಿಯಾಗುತ್ತದೆ. ಅದಕ್ಕೆ ಕಾರಣವೂ ಇದೆ. ಸಹಿ ಮಾಡಿಸಿಕೊಂಡು ಮಾರುವವರ ದೊಡ್ಡ ಸಂತೆಯೇ ಇದೆ. ನಕಲಿ ಸಹಿ ಹಾಕಿ ಮಾರುವವರು ಬೇರೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ದೊಡ್ಡ ತನಿಖೆಯನ್ನೇ ನಡೆಸಬೇಕಾಯಿತು. ಅಲ್ಲಿನ ಮೇಜರ್ ಲೀಗ್ ಬೇಸ್‌ಬಾಲ್ 2001ರಿಂದ ಸಹಿ ಮತ್ತು ಆಟದ ಸಾಮಾನುಗಳಿಗೆ ಹೊಲೊಗ್ರಾಂ ಅನ್ನುವ ಹೊಳೆಯುವ ಚೀಟಿ ಅಂಟಿಸಿ ಅಸಲಿ ಅಂತ ಗುರುತು ಮಾಡುತ್ತಿದೆ. ಇಷ್ಟೆಲ್ಲ ಇರುವಾಗ ಆಟಗಾರರಿಗೆ ಅನುಮಾನ ಬಂದರೆ ತಪ್ಪೇನು? ನಾವು ಮೊದಲೇ ಹೇಳಿಬಿಡುತ್ತೇವೆ, 'ಮಗಳ ಹೆಸರು ಬರೆದು ಸಹಿ ಹಾಕ್ತೀರಾ?' ಹೆಸರು ಬರೆದ ಸಹಿಯನ್ನು ಮಾರುವುದು ಕಷ್ಟ. ಅದು ಅವರಿಗೂ ಗೊತ್ತು. ಆ ಮಾತು ಕೇಳಿದ ಕೂಡಲೇ ಎಷ್ಟೋ ಜನ ತಲೆ ಎತ್ತಿ ಮಗಳ ಕಡೆ ನೋಡಿದ್ದಾರೆ. ಅವಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು ಪುಟದ ಮೇಲ್ಗಡೆ ಅಂಟಿಸಿರುತ್ತೇವೆ, ಗದ್ದಲದಲ್ಲಿ ಕೂಗಿ ಹೇಳುವ ಕೆಲಸ ಇಲ್ಲ.

ಸಹಿ ಓದುವ ಹಾಗೆ ಇರಬೇಕು ಅನ್ನುವುದು ನನ್ನ ಆಸೆ. ಬೇಸ್‌ಬಾಲ್‌ನ ಹಾರ್ಮನ್ ಕಿಲ್ಲೆಬ್ರೂ, ಗಾಲ್ಫ್‌ನ ಆರ್ನಾಲ್ಡ್ ಪಾಮರ್ ಇಬ್ಬರೂ ಚಿಕ್ಕ ಆಟಗಾರರಿಗೆ ಇದನ್ನೇ ಹೇಳುತ್ತಿದ್ದರು. ಯಾರದು ಅಂತ ಗೊತ್ತಾಗುವ ಹಾಗೆ ಬರೆಯಿರಿ ಅಂತ. ಪೆನ್ ಸಲೀಸಾಗಿ ಓಡಿದರೆ ಅಕ್ಷರಗಳೂ ಬಿಡಿಬಿಡಿಯಾಗಿ ಬರುತ್ತವೆ ಅಂತ ನಮ್ಮ ಪುಸ್ತಕ ನೋಡಿ ಧೈರ್ಯವಾಗಿ ಹೇಳಬಲ್ಲೆ. ಜೆಲ್ ಪೆನ್ನಿನ ಮೊದಲ ಐದು ಪುಟಗಳಲ್ಲಿ ಎರಡು ಹೆಸರು ಮಾತ್ರ ಓದಲು ಬರುತ್ತವೆ.

ಆಟಗಾರರು ಸಹಿ ಹಾಕುವುದಿಲ್ಲ ಅಂದರೆ? ಬಾಸ್ಕೆಟ್‌ಬಾಲ್‌ನ ಬಿಲ್ ರಸೆಲ್ 11 ಸಲ ಅಮೆರಿಕದ ಎನ್‌ಬಿಎ ಲೀಗ್‌ನ ಚಾಂಪಿಯನ್. ಅವರು ಆಟೋಗ್ರಾಫ್ ಕೊಡುವುದಿಲ್ಲ ಅಂತಲೇ ಎಲ್ಲರಿಗೂ ಗೊತ್ತಿತ್ತು. ಅದರ ಬದಲು ಕೈಕುಲುಕಿ ಎರಡು ಮಾತಾಡುವುದು ಅವರಿಗೆ ಇಷ್ಟ. ಮಗಳಿಗೂ ಒಮ್ಮೆ ಹಾಗೇ ಆಯಿತು. ಲಾಂಗ್ ಜಂಪ್ ಆಟಗಾರ್ತಿಯೊಬ್ಬರು ಸೋತು ಬರುತ್ತಿದ್ದರು. ಮೊಣಕಾಲಿನವರೆಗೆ ಮರಳು. ಮಗಳು ಪುಸ್ತಕ ಚಾಚಿದವಳು ಅವರ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. 'ಅಕ್ಕಾ, ನಿಮ್ಮ ಎರಡನೇ ಜಂಪ್ ಚೆನ್ನಾಗಿತ್ತು' ಅಂದಳು. ಅವರು ನಿಂತರು. 'ಜಿಗಿಯುವ ಬೋರ್ಡ್ ಮೇಲೆ ಕಾಲು ಸರಿಯಾಗಿ ಬಿದ್ದದ್ದು ಅದೊಂದರಲ್ಲೇ' ಅಂದರು. ಕಾಲು ಹೇಗೆ ಬೀಳಬೇಕು ಅಂತ ಅಲ್ಲೇ ನೆಲದ ಮೇಲೆ ಮೂರು ಹೆಜ್ಜೆ ಇಟ್ಟು ತೋರಿಸಿದರು. ಸಹಿ ನಾವು ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಪುಸ್ತಕದ ಆ ಪುಟದಲ್ಲಿ ಮಗಳು ದಿನಾಂಕ ಬರೆದು, ಕೆಳಗೆ ಮೂರು ಹೆಜ್ಜೆಗುರುತು ಬಿಡಿಸಿದ್ದಾಳೆ. ಅದೇ ಶಾರ್ಪಿಯಲ್ಲಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಆ ಬಿಗಿ ಮುಚ್ಚಳಕ್ಕೆ ಮತ್ತು ಹಿಂದಿನ ಪುಟಕ್ಕೆ ಇಳಿಯುವ ಇಂಕಿಗೆ. ಕೊಳ್ಳುವುದಾದರೆ ಒಂದೇ ಕೊಳ್ಳಬೇಡಿ, ಎರಡು ಇಟ್ಟುಕೊಳ್ಳಿ. ಪೆನ್ ಎಷ್ಟೋ ಸಲ ಆಟಗಾರರ ಕೈಯಲ್ಲೇ ಸಾಲಿನ ಕೊನೆಯವರೆಗೆ ಹೋಗಿಬಿಡುತ್ತದೆ. ಆಗ ಕೂಗಿ ವಾಪಸ್ ಕೇಳಬೇಡಿ, ಮುಂದಿನ ಮಕ್ಕಳಿಗೆ ಆಗುತ್ತದೆ. ಹೊರಡುವ ಹಿಂದಿನ ರಾತ್ರಿ ಎರಡನ್ನೂ ಹಳೆಯ ಫೋಟೊ ಮೇಲೆ ಗೀಚಿ ನೋಡಿ. ನಮ್ಮ ನೀಲಿಯದ್ದು ನಿನ್ನೆ ಸ್ವಲ್ಪ ಒಣಗಿದ ಹಾಗೆ ಕಂಡಿತು. ಶನಿವಾರದ ಪಂದ್ಯಕ್ಕೆ ಮುಂಚೆ ಹೊಸದು ತರಬೇಕು.